ಮಿದುಳಿನೊಳಗಿನ ರಕ್ತಸ್ರಾವಕ್ಕೆ ಕಿರುರಂಧ್ರ ಶಸ್ತ್ರಚಿಕಿತ್ಸೆ: ರೋಗಿಯ ಮನೆಯವರಿಗೊಂದು ಮಾರ್ಗದರ್ಶಿ

‘ತಲೆಯೊಳಗೆ ರಕ್ತಸ್ರಾವವಾಗಿದೆ, ಸಣ್ಣ ರಂಧ್ರ ಮಾಡಿ ತೆಗೆಯಬಹುದು, ಒಪ್ಪಿಗೆ ಪತ್ರಕ್ಕೆ ಸಹಿ ಬೇಕು’ ಎಂದು ವೈದ್ಯರು ಹೇಳುವಾಗ ಮನೆಯವರಿಗೆ ಯೋಚಿಸಲು ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಏನನ್ನು ಕೇಳಬೇಕು, ಬಂದ ಉತ್ತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದು ಮೊದಲೇ ತಿಳಿದಿದ್ದರೆ ನಿರ್ಧಾರವು ಗಾಬರಿಯ ಕೈಗೆ ಸಿಕ್ಕುವುದಿಲ್ಲ. ಸಣ್ಣ ರಂಧ್ರ ಎಂದ ಮಾತ್ರಕ್ಕೆ ಸಣ್ಣ ಆಪರೇಷನ್, ಸಣ್ಣ ಅಪಾಯ ಎಂದು ನಂಬಿಬಿಡುವವರು ಬಹಳ ಮಂದಿ ಇದ್ದಾರೆ. ಚರ್ಮದ ಮೇಲಿನ ಗಾಯದ ಉದ್ದಕ್ಕಿಂತ, ರಕ್ತವು ಮಿದುಳಿನ ಯಾವ ಭಾಗದಲ್ಲಿದೆ, ಎಷ್ಟು ಪ್ರಮಾಣದಲ್ಲಿದೆ, ರೋಗಿಗೆ ಎಷ್ಟು ಎಚ್ಚರವಿದೆ, ಸ್ರಾವವಾಗಿ ಎಷ್ಟು ಗಂಟೆ ಕಳೆದಿದೆ ಎಂಬ ನಾಲ್ಕು ಸಂಗತಿಗಳು ಫಲಿತಾಂಶದ ಮೇಲೆ ಹೆಚ್ಚು ಪರಿಣಾಮ ಬೀರುತ್ತವೆ. ಈ ಲೇಖನದ ಹಂತಗಳೆಲ್ಲ ಈ ನಾಲ್ಕು ಸಂಗತಿಗಳ ಸುತ್ತಲೇ ಇವೆ.

ಹಂತ 1: ಮನೆಯಲ್ಲಿ, ಮೊದಲ ಕೆಲವು ನಿಮಿಷ

ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲಿನ ಬಲ ಹಠಾತ್ತನೆ ಕುಗ್ಗುವುದು, ಮಾತು ತೊದಲುವುದು ಇವು ಎಲ್ಲ ಬಗೆಯ ಪಾರ್ಶ್ವವಾಯುವಿಗೂ ಸಮಾನ ಲಕ್ಷಣಗಳು. ಇವುಗಳ ಜೊತೆಗೆ ಹಿಂದೆಂದೂ ಕಾಣದ ತೀವ್ರ ತಲೆನೋವು, ವಾಂತಿ, ಕ್ಷಣಕ್ಷಣಕ್ಕೂ ಹೆಚ್ಚುವ ಮಂಪರು ಇದ್ದರೆ ರಕ್ತಸ್ರಾವದ ಶಂಕೆ ಬಲವಾಗುತ್ತದೆ. ಹಾಗಿದ್ದರೂ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದನ್ನು ಲಕ್ಷಣ ನೋಡಿ ಖಚಿತವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ, ಅನುಭವಿ ವೈದ್ಯರಿಗೂ ಸಾಧ್ಯವಿಲ್ಲ. ಆದ್ದರಿಂದ ಸಿ.ಟಿ. ಸ್ಕ್ಯಾನ್ ಆಗುವವರೆಗೆ ಆಸ್ಪಿರಿನ್ ಗುಳಿಗೆಯನ್ನು ಕೊಡಲೇಬಾರದು. ಹೃದಯಾಘಾತಕ್ಕೆ ಹೇಳಿದ ಉಪಾಯವನ್ನು ಲಕ್ವಕ್ಕೂ ಬಳಸುವ ಅಭ್ಯಾಸದಿಂದ, ರಕ್ತ ಸೋರುತ್ತಿರುವ ಮಿದುಳಿನಲ್ಲಿ ಸೋರಿಕೆ ಇನ್ನಷ್ಟು ಹೆಚ್ಚಬಹುದು.

ಮಾಡಬೇಕಾದ ಕೆಲಸಗಳು ಕೆಲವೇ. 108ಕ್ಕೆ ಕರೆ ಮಾಡಿ, ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರನ್ನಾಗಲೀ ಔಷಧಿಯನ್ನಾಗಲೀ ಹಾಕದೆ, ಅವರು ಕೊನೆಯದಾಗಿ ಸರಿಯಾಗಿದ್ದ ಸಮಯವನ್ನು ಬರೆದುಕೊಳ್ಳಬೇಕು. ಬೆಳಿಗ್ಗೆ ಎದ್ದಾಗಲೇ ಹೀಗಿದ್ದರು ಎಂದಾದರೆ ಹಿಂದಿನ ರಾತ್ರಿ ಅವರು ಮಲಗಿದ ಸಮಯವೇ ಲೆಕ್ಕ. ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ಅದರಲ್ಲಿದ್ದರೆ ಆ ಒಂದು ಹಾಳೆಯೇ ಮುಂದಿನ ಚಿಕಿತ್ಸೆಯ ದಿಕ್ಕನ್ನು ಬದಲಿಸುತ್ತದೆ. ಲಕ್ವಕ್ಕೆ ಎಣ್ಣೆ ನೀವಿಸಲು, ಪಾರಿವಾಳದ ರಕ್ತ ಹಚ್ಚಿಸಲು ಎಂದು ಊರೂರು ಅಲೆದು ಕಳೆದುಕೊಂಡ ಗಂಟೆಗಳನ್ನು ಯಾವ ಶಸ್ತ್ರಚಿಕಿತ್ಸಕನೂ ಮರಳಿಸಲಾರ. ಹತ್ತಿರದ ಆಸ್ಪತ್ರೆಗಿಂತ, ದಿನದ 24 ಗಂಟೆಯೂ ಸಿ.ಟಿ. ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆ ಯಾವುದು ಎಂದು ಆಂಬುಲೆನ್ಸ್ ಸಿಬ್ಬಂದಿಯನ್ನು ಕೇಳುವುದು ಉತ್ತಮ. ಆದರೆ ಉಸಿರಾಟ ಏರುಪೇರಾಗಿದ್ದರೆ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಅದನ್ನು ಸ್ಥಿರಗೊಳಿಸಿಯೇ ಮುಂದೆ ಸಾಗಬೇಕು.

ಹಂತ 2: ಸ್ಕ್ಯಾನ್ ಏನು ಹೇಳುತ್ತದೆ

ಸಿ.ಟಿ. ಚಿತ್ರದಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ. ಅದು ಎಲ್ಲಿದೆ ಎಂಬುದರ ಮೇಲೆ ಕಾಯಿಲೆಯ ಹೆಸರೂ ಚಿಕಿತ್ಸೆಯೂ ಬದಲಾಗುತ್ತವೆ. ಮಿದುಳಿನ ಅಂಗಾಂಶದ ಒಳಗೇ ರಕ್ತ ತುಂಬಿದ್ದರೆ ಅದು ಈ ಲೇಖನದ ವಿಷಯ. ಅದರ ಮುಖ್ಯ ಕಾರಣ ವರ್ಷಗಟ್ಟಲೆ ಹತೋಟಿಯಿಲ್ಲದೆ ಉಳಿದ ಬಿ.ಪಿ. ವಯಸ್ಸಾದವರಲ್ಲಿ ರಕ್ತನಾಳದ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗಿ ಮಿದುಳಿನ ಹೊರಪದರದ ಹತ್ತಿರ ಸ್ರಾವವಾಗುವುದೂ ಉಂಟು. ಮಿದುಳಿನ ಹೊದಿಕೆಯ ಕೆಳಗೆ ವಾರಗಟ್ಟಲೆ ನಿಧಾನವಾಗಿ ಶೇಖರವಾಗುವ ಹಳೆಯ ರಕ್ತ ಬೇರೆಯ ಸಮಸ್ಯೆ. ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದ ಕೆಲವು ವಾರಗಳ ನಂತರ ಕಾಣಿಸಿಕೊಳ್ಳುವ ಈ ತೊಂದರೆಗೂ ಬುರುಡೆಯಲ್ಲಿ ರಂಧ್ರ ಕೊರೆದೇ ಚಿಕಿತ್ಸೆ ಮಾಡುತ್ತಾರೆ, ಆದರೆ ಅದರಿಂದ ಚೇತರಿಕೆ ಬಹುಪಾಲು ಸುಲಭ. ‘ನಮ್ಮ ಪಕ್ಕದ ಮನೆಯವರು ತಲೆಗೆ ತೂತು ಹಾಕಿಸಿಕೊಂಡು ವಾರದಲ್ಲಿ ನಡೆದಾಡಿದರು’ ಎಂಬ ಕಥೆ ಹಲವು ಸಲ ಈ ಎರಡನೆಯ ಬಗೆಯದಾಗಿರುತ್ತದೆ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನಿರೀಕ್ಷೆ ದಾರಿ ತಪ್ಪುತ್ತದೆ. ಇನ್ನು ರಕ್ತನಾಳದ ಉಬ್ಬು ಒಡೆದು ಮಿದುಳಿನ ಸುತ್ತಲಿನ ದ್ರವದಲ್ಲಿ ರಕ್ತ ಹರಡುವುದು ಮೂರನೆಯ ಬಗೆ. ಅಲ್ಲಿ ರಕ್ತವನ್ನು ತೆಗೆಯುವುದಕ್ಕಿಂತ ಉಬ್ಬನ್ನು ಮುಚ್ಚುವುದು ಮೊದಲ ಕೆಲಸ.

ಅಂಗಾಂಶದೊಳಗಿನ ಸ್ರಾವ ಎಂದು ಖಚಿತವಾದ ಮೇಲೆ ಪ್ರಮಾಣವನ್ನು ಕೇಳಬೇಕು. ವೈದ್ಯರು ಅದನ್ನು ಲೆಕ್ಕ ಹಾಕುವ ಸರಳ ವಿಧಾನ ಹೀಗಿದೆ: ರಕ್ತದ ಹೆಪ್ಪು ಅತಿ ದೊಡ್ಡದಾಗಿ ಕಾಣುವ ಸ್ಕ್ಯಾನ್ ಪದರದಲ್ಲಿ (ಸ್ಕ್ಯಾನ್ ತೋರಿಸುವ ಅಡ್ಡ ಸೀಳುಚಿತ್ರದಲ್ಲಿ) ಅದರ ಉದ್ದ, ಅದಕ್ಕೆ ಲಂಬವಾದ ಅಗಲ, ಮತ್ತು ಎಷ್ಟು ಪದರಗಳಲ್ಲಿ ಕಾಣುತ್ತದೋ ಅದರಿಂದ ಸಿಗುವ ಎತ್ತರ, ಈ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಎರಡರಿಂದ ಭಾಗಿಸುತ್ತಾರೆ. 5 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದ ಹೆಪ್ಪು ಎಂದರೆ ಸುಮಾರು 40 ಮಿಲಿಲೀಟರ್ ರಕ್ತ. ಗಟ್ಟಿ ಬುರುಡೆಯೊಳಗೆ ಇದಕ್ಕೆಂದು ಬಿಡುವಿನ ಜಾಗವಿಲ್ಲದ್ದರಿಂದ ಇಷ್ಟೇ ರಕ್ತವೂ ಪಕ್ಕದ ಭಾಗಗಳನ್ನು ಒತ್ತಿ ಸರಿಸಬಲ್ಲದು. ‘ಎಷ್ಟು ಎಂ.ಎಲ್. ಇದೆ, ಡಾಕ್ಟರೇ’ ಎಂಬ ಒಂದು ಪ್ರಶ್ನೆಯಿಂದಲೇ ಮಾತುಕತೆಯ ಗುಣಮಟ್ಟ ಬದಲಾಗುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ರೋಗಿಗೆ ವಯಸ್ಸು ಕಡಿಮೆ, ಬಿ.ಪಿ. ಇತಿಹಾಸವಿಲ್ಲ, ಅಥವಾ ರಕ್ತ ಹೊರಪದರದ ಹತ್ತಿರವಿದೆ ಎಂದಾದರೆ ರಕ್ತನಾಳಗಳ ಚಿತ್ರ, ಅಂದರೆ ಸಿ.ಟಿ. ಆಂಜಿಯೋಗ್ರಾಮ್, ಆಗಿದೆಯೇ ಎಂದೂ ಕೇಳಬೇಕು. ಹೆಪ್ಪಿನ ಹಿಂದೆ ರಕ್ತನಾಳದ ಉಬ್ಬೋ ಹುಟ್ಟಿನಿಂದ ಬಂದ ರಕ್ತನಾಳಗಳ ಗಂಟೋ ಅಡಗಿದ್ದರೆ, ಕಿರಿದಾದ ನಳಿಕೆಯ ಮೂಲಕ ರಕ್ತವನ್ನು ಹೀರುವಾಗ ಅದು ಮತ್ತೆ ಒಡೆದು ತಡೆಯಲಾಗದ ಸ್ರಾವವಾಗಬಹುದು.

ಹಂತ 3: ಶಸ್ತ್ರಚಿಕಿತ್ಸೆಗೂ ಮುಂಚಿನ ಒಂದು ಗಂಟೆ

ಒಡೆದ ರಕ್ತನಾಳದಿಂದ ಸೋರಿಕೆ ಮೊದಲ ಕೆಲವು ಗಂಟೆಗಳಲ್ಲಿ ಮುಂದುವರಿಯುತ್ತಲೇ ಇರಬಹುದು. ಅದನ್ನು ತಡೆಯುವುದು ಆಪರೇಷನ್ ಥಿಯೇಟರಿನ ಕೆಲಸವಲ್ಲ, ತುರ್ತು ಚಿಕಿತ್ಸಾ ಘಟಕದ್ದು. ಮೇಲಿನ ರಕ್ತದೊತ್ತಡವನ್ನು 140ರ ಸುತ್ತಮುತ್ತಲಿಗೆ ತರುವುದು, ಸಕ್ಕರೆಯ ಮಟ್ಟವನ್ನು ಹತೋಟಿಯಲ್ಲಿಡುವುದು, ಜ್ವರ ಬರದಂತೆ ನೋಡಿಕೊಳ್ಳುವುದು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಂಡಿದ್ದರೆ ಅದರ ಪ್ರಭಾವವನ್ನು ತಕ್ಷಣ ಅಳಿಸುವುದು, ಈ ನಾಲ್ಕೂ ಒಟ್ಟಿಗೆ ಆಗಬೇಕು. ಭಾರತವೂ ಸೇರಿದಂತೆ 10 ದೇಶಗಳ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಇಂಟರ್‌ಆಕ್ಟ್-3 ಎಂಬ ಅಧ್ಯಯನದಲ್ಲಿ, ಈ ನಾಲ್ಕನ್ನೂ ಒಂದು ಕಟ್ಟಾಗಿ ಬೇಗನೆ ಮಾಡಿದಾಗ ರೋಗಿಗಳ ಚೇತರಿಕೆ ಉತ್ತಮಗೊಂಡಿತು. ಇದಕ್ಕೆ ದುಬಾರಿ ಯಂತ್ರ ಬೇಕಾಗಿಲ್ಲ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇದನ್ನು ಆರಂಭಿಸಿ ಮುಂದಕ್ಕೆ ಕಳುಹಿಸಿದರೂ ರೋಗಿಗೆ ಅದರಿಂದ ನಿಜವಾದ ಉಪಕಾರವಾಗುತ್ತದೆ. ಹೀಗಾಗಿ ದೊಡ್ಡ ಆಸ್ಪತ್ರೆಗೆ ವರ್ಗಾಯಿಸುವ ಮುನ್ನ ‘ಬಿ.ಪಿ. ಇಳಿಸುವ ಔಷಧಿ ಶುರುವಾಗಿದೆಯೇ’ ಎಂದು ಕೇಳಲು ಸಂಕೋಚಪಡಬೇಡಿ.

ಹಂತ 4: ಯಾರಿಗೆ ಈ ಶಸ್ತ್ರಚಿಕಿತ್ಸೆ, ಯಾರಿಗೆ ಬೇಡ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಮನೆಯವರ ನಿರ್ಧಾರ ನಿಲ್ಲುವುದು ಈ ಹಂತದ ಮೇಲೆಯೇ.

ಬುರುಡೆಯ ದೊಡ್ಡ ತುಂಡನ್ನು ತೆರೆದು ರಕ್ತವನ್ನು ತೆಗೆಯುವ ಪದ್ಧತಿ ಹಳೆಯದು. ಅದು ಔಷಧಿ ಚಿಕಿತ್ಸೆಗಿಂತ ಮೇಲೆಂದು ತೋರಿಸುವ ಪ್ರಯತ್ನದಲ್ಲಿ 1,033 ರೋಗಿಗಳ ಸ್ಟಿಚ್ ಅಧ್ಯಯನ 2005ರಲ್ಲಿ ಪ್ರಕಟವಾಯಿತು, ಒಟ್ಟಾರೆ ಲಾಭ ಕಾಣಲಿಲ್ಲ. ಹೊರಪದರದ ಹತ್ತಿರದ ಸ್ರಾವಗಳನ್ನು ಮಾತ್ರ ಆರಿಸಿಕೊಂಡ 2013ರ ಎರಡನೆಯ ಅಧ್ಯಯನದಲ್ಲೂ ಸ್ಪಷ್ಟ ಗೆಲುವು ಸಿಗಲಿಲ್ಲ. ಆಳದಲ್ಲಿರುವ ಹೆಪ್ಪನ್ನು ತಲುಪಲು ಆರೋಗ್ಯವಂತ ಮಿದುಳನ್ನೇ ಸೀಳಿಕೊಂಡು ಹೋಗಬೇಕಾಗುವುದರಿಂದ, ರಕ್ತವನ್ನು ತೆಗೆದ ಲಾಭವನ್ನು ದಾರಿಯಲ್ಲಾದ ಹಾನಿ ನುಂಗಿಹಾಕುತ್ತದೆ ಎಂಬುದು ಶಸ್ತ್ರಚಿಕಿತ್ಸಕರು ಅದಕ್ಕೆ ಕೊಡುವ ಮುಖ್ಯ ವಿವರಣೆ. ದಾರಿಯನ್ನು ಕಿರಿದಾಗಿಸುವ ಯೋಚನೆಗೆ ಬಲ ಬಂದದ್ದು ಇದರಿಂದ. ರಕ್ತವನ್ನು ಹಾಗೆಯೇ ಬಿಟ್ಟರೆ ಒತ್ತಡ ಒಂದೇ ತೊಂದರೆಯಲ್ಲ. ಹೆಪ್ಪು ಕರಗುತ್ತಾ ಹೋದಂತೆ ಅದರಿಂದ ಬಿಡುಗಡೆಯಾಗುವ ಹಿಮೋಗ್ಲೋಬಿನ್, ಕಬ್ಬಿಣದ ಅಂಶಗಳು ಸುತ್ತಲಿನ ನರಕೋಶಗಳಿಗೆ ದಿನಗಟ್ಟಲೆ ಹಾನಿ ಮಾಡಿ ಊತವನ್ನು ಹೆಚ್ಚಿಸುತ್ತವೆ.

ಎರಡು ಅಧ್ಯಯನಗಳನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು. 2019ರಲ್ಲಿ ಬಂದ ಮಿಸ್ಟಿ-3ರಲ್ಲಿ, 30 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತವಿದ್ದವರಿಗೆ ಹೆಪ್ಪಿನೊಳಕ್ಕೆ ತೆಳುವಾದ ನಳಿಕೆ ಇಟ್ಟು, ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಔಷಧಿಯನ್ನು 8 ಗಂಟೆಗೊಮ್ಮೆ ಹಾಕಿ, ಕೆಲವು ದಿನಗಳಲ್ಲಿ ರಕ್ತವನ್ನು ಹೊರಹರಿಸಿದರು. ಒಂದು ವರ್ಷದ ನಂತರ ನೋಡಿದಾಗ ಒಟ್ಟು ಗುಂಪಿನ ಓಡಾಟ ಮತ್ತು ಸ್ವಾವಲಂಬನೆಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಇರಲಿಲ್ಲ. ಆದರೆ ಉಳಿದ ರಕ್ತವನ್ನು 15 ಮಿಲಿಲೀಟರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿಸಲಾದವರ ಸ್ಥಿತಿ ಉತ್ತಮವಾಗಿತ್ತು. ಎಷ್ಟು ತೆಗೆದರು ಎಂಬುದಕ್ಕಿಂತ ಎಷ್ಟು ಉಳಿಯಿತು ಎಂಬುದನ್ನು ಕೇಳಬೇಕು ಎಂಬ ಪಾಠ ಅಲ್ಲಿಂದ ಬಂತು.

2024ರ ಏಪ್ರಿಲಿನಲ್ಲಿ ಅಮೆರಿಕದ 37 ಕೇಂದ್ರಗಳ 300 ರೋಗಿಗಳ ಎನ್‌ರಿಚ್ ಅಧ್ಯಯನ ಪ್ರಕಟವಾಯಿತು. 30ರಿಂದ 80 ಮಿಲಿಲೀಟರ್ ರಕ್ತವಿದ್ದ, 24 ಗಂಟೆಯೊಳಗೆ ಬಂದ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಬೆರಳ ಗಾತ್ರದ ಕೊಳವೆಯನ್ನು ಮಿದುಳಿನ ಮಡಿಕೆಗಳ ನಡುವಿನ ಸಂದಿಯಿಂದ, ನರತಂತುಗಳು ಹಾಯ್ದಿರುವ ದಿಕ್ಕಿಗೆ ಸಮಾನಾಂತರವಾಗಿ ಒಳಸೇರಿಸಿ ಹೆಪ್ಪನ್ನು ತೆಗೆದರು. 30 ದಿನಗಳೊಳಗೆ ತೀರಿಕೊಂಡವರು ಈ ಗುಂಪಿನಲ್ಲಿ ಶೇ. 9.3, ಔಷಧಿ ಚಿಕಿತ್ಸೆ ಮಾತ್ರ ಪಡೆದ ಗುಂಪಿನಲ್ಲಿ ಶೇ. 18. ಆರು ತಿಂಗಳ ಹೊತ್ತಿಗೆ ದೈನಂದಿನ ಬದುಕಿನ ಸಾಮರ್ಥ್ಯವೂ ಶಸ್ತ್ರಚಿಕಿತ್ಸೆಯವರಲ್ಲಿ ಮೇಲಿತ್ತು. ಇಷ್ಟನ್ನು ಕೇಳಿ ಸಂತೋಷಪಡುವ ಮುನ್ನ ಒಂದು ಅಂಶವನ್ನು ಗಮನಿಸಬೇಕು: ಈ ಲಾಭ ಬಂದದ್ದು ಹೊರಪದರದ ಹತ್ತಿರದ ಸ್ರಾವದವರಿಂದ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪಿನ ಭಾಗದಲ್ಲಿ ಸ್ರಾವವಾದವರಿಗೆ ಲಾಭ ಕಾಣದೆ ಅವರ ಸೇರ್ಪಡೆಯನ್ನು ಅಧ್ಯಯನದ ನಡುವೆಯೇ ನಿಲ್ಲಿಸಲಾಯಿತು. ಬಿ.ಪಿ.ಯಿಂದಾಗುವ ಸ್ರಾವಗಳಲ್ಲಿ ಬಹಳಷ್ಟು ಆಳದಲ್ಲೇ ಆಗುವುದರಿಂದ ಪತ್ರಿಕೆಯ ತಲೆಬರಹವನ್ನು ನಮ್ಮ ರೋಗಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ಇವೆಲ್ಲವನ್ನೂ ಒಟ್ಟು ಮಾಡಿದರೆ ವೈದ್ಯರ ಆಲೋಚನೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಸ್ರಾವ ಚಿಕ್ಕದಾಗಿದ್ದು ರೋಗಿ ಪೂರ್ಣ ಎಚ್ಚರವಿದ್ದರೆ ಶಸ್ತ್ರಚಿಕಿತ್ಸೆ ಬೇಡ, ನಿಗಾ ಸಾಕು. ಮಧ್ಯಮದಿಂದ ದೊಡ್ಡ ಗಾತ್ರದ ಸ್ರಾವ ಹೊರಪದರದ ಬಳಿಯಿದ್ದು, ರೋಗಿ ಮಂಪರಿನಲ್ಲಿದ್ದರೂ ಸ್ಪರ್ಶಕ್ಕೋ ನೋವಿಗೋ ಪ್ರತಿಕ್ರಿಯಿಸುತ್ತಿದ್ದರೆ ಕಿರುರಂಧ್ರ ವಿಧಾನಕ್ಕೆ ಬಲವಾದ ಆಧಾರವಿದೆ. ಆಳದ ಸ್ರಾವವಾದರೆ ಜೀವ ಉಳಿಸುವ ಸಾಧ್ಯತೆಗಾಗಿ ಮಾಡಬಹುದಾದರೂ ಕೈಕಾಲಿನ ಬಲ ಮರಳುವ ಭರವಸೆಯನ್ನು ಅದೇ ತೂಕದಲ್ಲಿ ಕೊಡಲಾಗದು. ಮಿದುಳಿನ ನಡುಭಾಗದ ಆಳದಲ್ಲಿರುವ ಥಲಾಮಸ್ ಮತ್ತು ಮಿದುಳುಕಾಂಡದ ಸ್ರಾವದಲ್ಲಿ ಹೆಪ್ಪು ತೆಗೆಯುವುದು ಬಹುಮಟ್ಟಿಗೆ ಇಲ್ಲ. ಕಿರುಮಿದುಳಿನಲ್ಲಿ 15 ಮಿಲಿಲೀಟರ್ ಅಥವಾ ಹೆಚ್ಚು ರಕ್ತವಿದ್ದರೆ, ಅಥವಾ ಅದು ಮಿದುಳುಕಾಂಡವನ್ನು ಒತ್ತುತ್ತಿದ್ದರೆ, ಚರ್ಚೆಗೆ ಹೊತ್ತಿಲ್ಲ. ಅದು ತುರ್ತು ಶಸ್ತ್ರಚಿಕಿತ್ಸೆ, ಅದೂ ಹಲವು ಸಲ ಬುರುಡೆಯನ್ನು ತೆರೆದೇ ಮಾಡಬೇಕಾದದ್ದು. ಅಂಥ ಸಂದರ್ಭದಲ್ಲಿ ‘ಕೀಹೋಲ್‌ನಲ್ಲಿ ಆಗುವುದಿಲ್ಲವೇ’ ಎಂದು ಪಟ್ಟು ಹಿಡಿಯುವುದು ರೋಗಿಗೆ ಅಪಾಯ ತರುತ್ತದೆ.

ರೋಗಿಯ ಎಚ್ಚರವನ್ನು ವೈದ್ಯರು ಗ್ಲಾಸ್ಗೋ ಮಾಪಕದಲ್ಲಿ 3ರಿಂದ 15ರವರೆಗಿನ ಅಂಕವಾಗಿ ಹೇಳುತ್ತಾರೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಚಲನೆಗೆ 6 ಗರಿಷ್ಠ ಅಂಕ. ಬಂದಾಗ ಎಷ್ಟಿತ್ತು, ಈಗ ಎಷ್ಟಿದೆ ಎಂದು ಎರಡೂ ಅಂಕಗಳನ್ನು ಕೇಳಿ. ಇಳಿಮುಖವಾಗಿದ್ದರೆ ಕಾಯುವ ಅವಕಾಶ ಕಿರಿದಾಗುತ್ತಿದೆ ಎಂದರ್ಥ.

ಸಮಯದ ವಿಷಯದಲ್ಲಿ ಬೇಗ ಎಂದರೆ ಅತಿ ಬೇಗ ಎಂದಲ್ಲ. ಸ್ರಾವವಾದ ನಾಲ್ಕೇ ಗಂಟೆಗಳೊಳಗೆ ಬುರುಡೆ ತೆರೆದು ರಕ್ತ ತೆಗೆದ ಒಂದು ಸಣ್ಣ ಅಧ್ಯಯನವನ್ನು, ಮತ್ತೆ ರಕ್ತ ಸೋರುವುದು ಕಂಡುಬಂದದ್ದರಿಂದ, 11 ರೋಗಿಗಳ ನಂತರ ನಿಲ್ಲಿಸಬೇಕಾಯಿತು. ಆದ್ದರಿಂದ ವೈದ್ಯರು ಬಿ.ಪಿ. ಇಳಿಸಿ, ಎರಡನೆಯ ಸ್ಕ್ಯಾನ್ ಮಾಡಿ, ಹೆಪ್ಪು ಬೆಳೆಯುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಲು ಕೆಲವು ಗಂಟೆ ಕಾದರೆ ಅದನ್ನು ನಿರ್ಲಕ್ಷ್ಯವೆಂದು ತಿಳಿಯಬಾರದು.

ಹಂತ 5: ಸಹಿ ಹಾಕುವ ಮುನ್ನ

ಮನೆಯವರಲ್ಲಿ ಒಬ್ಬರೇ ವೈದ್ಯರೊಂದಿಗೆ ಮಾತಾಡುವಂತೆ ಗೊತ್ತುಮಾಡಿಕೊಳ್ಳಿ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ. ಸ್ರಾವದ ಸ್ಥಳ, ಗಾತ್ರ, ಅಂಕ, ಗಂಟೆ ಗೊತ್ತಾದ ಮೇಲೆ ಉಳಿಯುವ ಪ್ರಶ್ನೆಗಳು ಇವು: ಈ ಶಸ್ತ್ರಚಿಕಿತ್ಸೆಯ ಉದ್ದೇಶ ಜೀವ ಉಳಿಸುವುದೋ, ಅಂಗವೈಕಲ್ಯವನ್ನು ಕಡಿಮೆ ಮಾಡುವುದೋ? ಇಲ್ಲಿ ಯಾವ ವಿಧಾನ ಬಳಸುತ್ತೀರಿ, ಈ ತಂಡಕ್ಕೆ ಅದರ ರೂಢಿ ಎಷ್ಟಿದೆ? ಮಧ್ಯದಲ್ಲಿ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಬುರುಡೆ ತೆರೆಯಲು ಸಿದ್ಧತೆ ಇದೆಯೇ? ಮಾಡದಿದ್ದರೆ ಏನಾಗಬಹುದು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ‘ಉದ್ದೇಶ ಜೀವ ಉಳಿಸುವುದು, ಬಲಗೈ ಮರಳುವುದು ಸಂದೇಹ’ ಎಂದು ಬಿಡಿಸಿ ಹೇಳುತ್ತಾರೆ, ಆ ಮಾತು ಕಹಿಯಾದರೂ ಅದನ್ನು ಕೇಳಿಸಿಕೊಂಡು ಸಹಿ ಹಾಕಿದ ಕುಟುಂಬ ಮುಂದಿನ ತಿಂಗಳುಗಳನ್ನು ಹೆಚ್ಚು ಧೈರ್ಯದಿಂದ ಎದುರಿಸುತ್ತದೆ.

ಖರ್ಚಿನ ಚಿಂತೆಯಿರುವವರು ಬಿ.ಪಿ.ಎಲ್. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಯ ನೆರವು ಸಿಬ್ಬಂದಿಯನ್ನು) ಆಗಲೇ ಕಾಣಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ. ಬಿಲ್ಲು ಕಟ್ಟಿದ ಮೇಲೆ ಕೇಳುವುದಕ್ಕಿಂತ ದಾಖಲಾಗುವಾಗಲೇ ಕೇಳುವುದು ಮುಖ್ಯ.

ಹಂತ 6: ಥಿಯೇಟರಿನೊಳಗೆ ನಡೆಯುವುದು

ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ಸ್ಕ್ಯಾನ್ ಚಿತ್ರವನ್ನು ಕಂಪ್ಯೂಟರಿಗೆ ತುಂಬಿ, ರೋಗಿಯ ತಲೆಯ ಸ್ಥಾನದೊಂದಿಗೆ ಹೊಂದಿಸಿ, ಉಪಕರಣದ ತುದಿ ಮಿದುಳಿನೊಳಗೆ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ನ್ಯಾವಿಗೇಷನ್ ವ್ಯವಸ್ಥೆ ಇದರ ಕಣ್ಣು. ಅದಿಲ್ಲದ ಕಡೆ ತಲೆಗೆ ಲೋಹದ ಚೌಕಟ್ಟು ಬಿಗಿದು ಅಳತೆಯಿಂದ ಗುರಿ ಹಿಡಿಯುವ ಹಳೆಯ ಕ್ರಮವೂ ಇದೆ. ಮಾತು, ಚಲನೆ, ದೃಷ್ಟಿಯ ಕೇಂದ್ರಗಳನ್ನು ತಪ್ಪಿಸಿ, ಹೆಪ್ಪಿನ ಉದ್ದನೆಯ ಅಕ್ಷಕ್ಕೆ ಹೊಂದುವಂತೆ ದಾರಿಯನ್ನು ಗೊತ್ತುಮಾಡಿದ ಮೇಲೆ ಬುರುಡೆಯಲ್ಲಿ ಚಿಕ್ಕ ರಂಧ್ರ ಕೊರೆಯುತ್ತಾರೆ. ನಂತರದ್ದು ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ. ಎಂಡೋಸ್ಕೋಪ್ ಬಳಸುವವರು ತೆಳುವಾದ ಕೊಳವೆಯೊಳಗೆ ಕ್ಯಾಮೆರಾ ಮತ್ತು ಹೀರುಕೊಳವೆಗಳನ್ನು ಇಳಿಸಿ, ಲವಣದ್ರಾವಣದಿಂದ ತೊಳೆಯುತ್ತಾ ಹೆಪ್ಪನ್ನು ಹೀರಿ ತೆಗೆಯುತ್ತಾರೆ; ಸೋರುವ ರಕ್ತನಾಳ ಕಂಡರೆ ಅದನ್ನು ಅಲ್ಲೇ ಸುಟ್ಟು ಮುಚ್ಚಬಹುದು. ಬೆರಳ ಗಾತ್ರದ ಕೊಳವೆಯ ವಿಧಾನದಲ್ಲೂ ಕಣ್ಣಿಗೆ ಕಾಣುತ್ತಲೇ ಕೆಲಸ ನಡೆಯುತ್ತದೆ. ನಳಿಕೆ ಇಟ್ಟು ಔಷಧಿಯಿಂದ ಕರಗಿಸುವ ವಿಧಾನದಲ್ಲಿ ಗಾಯ ಎಲ್ಲಕ್ಕಿಂತ ಚಿಕ್ಕದು, ಆದರೆ ರಕ್ತ ಹೊರಬರಲು ದಿನಗಳು ಬೇಕು ಮತ್ತು ಒಳಗಿನದು ಕಣ್ಣಿಗೆ ಕಾಣುವುದಿಲ್ಲ.

ರಕ್ತವು ಮಿದುಳಿನ ದ್ರವಕೋಣೆಗಳಿಗೆ ನುಗ್ಗಿ ದ್ರವದ ಹರಿವಿಗೆ ತಡೆಯಾಗಿದ್ದರೆ ಅಲ್ಲಿಗೆ ಪ್ರತ್ಯೇಕ ನಳಿಕೆ ಇಟ್ಟು ಹೊರಗಿನ ಚೀಲಕ್ಕೆ ಹರಿಸುತ್ತಾರೆ. ಆಸ್ಪತ್ರೆಯಲ್ಲಿ ಇದನ್ನು ಇ.ವಿ.ಡಿ. ಎನ್ನುತ್ತಾರೆ. ಆ ಚೀಲವನ್ನು ಒಂದು ಗೊತ್ತಾದ ಎತ್ತರಕ್ಕೆ ಹೊಂದಿಸಿರುವುದರಿಂದ ನೋಡಲು ಹೋದವರು ಅದನ್ನಾಗಲೀ ಹಾಸಿಗೆಯ ತಲೆಭಾಗವನ್ನಾಗಲೀ ತಾವೇ ಏರಿಸುವುದು ಇಳಿಸುವುದು ಮಾಡಬಾರದು.

ಹಂತ 7: ತೀವ್ರ ನಿಗಾ ಘಟಕದ ದಿನಗಳು

ಶಸ್ತ್ರಚಿಕಿತ್ಸೆಯ ನಂತರದ ಸ್ಕ್ಯಾನ್ ಬಂದಾಗ ಒಂದೇ ಪ್ರಶ್ನೆ ಸಾಕು: ಇನ್ನು ಎಷ್ಟು ಮಿಲಿಲೀಟರ್ ಉಳಿದಿದೆ? ಮತ್ತೆ ರಕ್ತ ಸೋರುವುದು, ಸೋಂಕು, ಅಪಸ್ಮಾರದ ಸೆಳೆತ ಇವು ಮುಖ್ಯ ಅಪಾಯಗಳು. ಎನ್‌ರಿಚ್‌ನಲ್ಲಿ ಮತ್ತೆ ಸೋರಿ ಸ್ಥಿತಿ ಬಿಗಡಾಯಿಸಿದವರು ಶಸ್ತ್ರಚಿಕಿತ್ಸೆಯಾದವರ ಪೈಕಿ ಶೇ. 3.3. ಎಚ್ಚರ ಬರುವುದು ಗಂಟೆಗಳ ಲೆಕ್ಕವಲ್ಲ, ಹಲವರಿಗೆ ದಿನಗಳೂ ವಾರಗಳೂ ಹಿಡಿಯುತ್ತವೆ. ಎರಡನೆಯ ದಿನ ಕಣ್ಣು ಬಿಡಲಿಲ್ಲವೆಂದು ಆಸೆ ಕೈಬಿಟ್ಟು ಮನೆಗೆ ಕರೆದೊಯ್ಯಲು ಮುಂದಾಗುವ ಕುಟುಂಬಗಳಿವೆ. ಅಮೆರಿಕದ ಹೃದ್ರೋಗ ಸಂಘದ 2022ರ ಮಾರ್ಗಸೂಚಿಯೂ ಚಿಕಿತ್ಸೆಯನ್ನು ಮಿತಗೊಳಿಸುವ ಹೊಸ ನಿರ್ಧಾರಗಳನ್ನು ಕನಿಷ್ಠ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡಬೇಕೆಂದು ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಕನಿಷ್ಠ ಮಿತಿ ಮಾತ್ರ.

ರೋಗಿ ಕಣ್ಣು ತೆರೆದ ಕೂಡಲೇ ಪ್ರೀತಿಯಿಂದ ಒಂದು ಚಮಚ ಗಂಜಿಯನ್ನೋ ಎಳನೀರನ್ನೋ ಬಾಯಿಗೆ ಹಾಕುವುದು ನಮ್ಮಲ್ಲಿ ತೀರಾ ಸಹಜ. ನುಂಗುವ ಸ್ನಾಯುಗಳಿಗೆ ಬಲವಿಲ್ಲದಾಗ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ, ಆಪರೇಷನ್ ಗೆದ್ದವರೂ ಅದಕ್ಕೆ ಸೋಲುತ್ತಾರೆ. ನುಂಗುವ ಪರೀಕ್ಷೆ ಮಾಡಿ ವೈದ್ಯರೋ ದಾದಿಯರೋ ಒಪ್ಪಿಗೆ ಕೊಡುವವರೆಗೆ ಮೂಗಿನ ನಳಿಕೆಯಿಂದಲೇ ಆಹಾರ. ಹಾಗೆಯೇ ಮೊದಲ 24 ಗಂಟೆಗಳಲ್ಲಿ ಒತ್ತಾಯದಿಂದ ಎಬ್ಬಿಸಿ ನಡೆಸುವುದೂ ಹಾನಿಕರ. ಮಗ್ಗುಲು ಬದಲಿಸುವುದು, ಕಾಲಿಗೆ ಗಾಳಿಯ ಒತ್ತಡದ ಪಟ್ಟಿ ಹಾಕುವುದು, ಫಿಸಿಯೋಥೆರಪಿಯವರ ಮೃದು ಚಲನೆ ಇವು ಆ ಹೊತ್ತಿಗೆ ಸಾಕು.

ಹಂತ 8: ಮನೆಗೆ ಬಂದ ಮೇಲೆ

ಚೇತರಿಕೆಯ ವೇಗ ಮೊದಲ ಮೂರರಿಂದ ಆರು ತಿಂಗಳಲ್ಲಿ ಹೆಚ್ಚು, ಆಮೇಲೂ ಅದು ನಿಲ್ಲುವುದಿಲ್ಲ. ಫಿಸಿಯೋಥೆರಪಿ, ಮಾತಿನ ತರಬೇತಿ ಇವು ಔಷಧಿಯಷ್ಟೇ ಕಡ್ಡಾಯ. ಬಿ.ಪಿ.ಯನ್ನು 130/80ರ ಕೆಳಗೆ ಇಡುವುದು ಮರುಸ್ರಾವ ತಡೆಯುವ ಬಹು ಮುಖ್ಯ ದಾರಿ. ಮನೆಯಲ್ಲೇ ಒಂದು ಬಿ.ಪಿ. ಯಂತ್ರವಿಟ್ಟುಕೊಂಡು ದಿನವೂ ಒಂದೇ ಹೊತ್ತಿಗೆ ನೋಡಿ ಪುಸ್ತಕದಲ್ಲಿ ಬರೆದಿಡಬೇಕು, ಅಂಕಿ ಸರಿಯಾಯಿತೆಂದು ಗುಳಿಗೆ ನಿಲ್ಲಿಸಬಾರದು. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳಲ್ಲಿರುವ ಉಪ್ಪನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಹೃದಯದ ಕಾಯಿಲೆಗಾಗಿ ಮೊದಲು ತೆಗೆದುಕೊಳ್ಳುತ್ತಿದ್ದ ರಕ್ತ ತೆಳುವಾಗಿಸುವ ಔಷಧಿಯನ್ನು ಮತ್ತೆ ಯಾವಾಗ ಆರಂಭಿಸಬೇಕು, ಆರಂಭಿಸಬೇಕೇ ಎಂಬುದನ್ನು ಹೃದ್ರೋಗ ತಜ್ಞರು ಮತ್ತು ನರಶಸ್ತ್ರಚಿಕಿತ್ಸಕರು ಕೂಡಿ ನಿರ್ಧರಿಸುವಂತೆ ನೋಡಿಕೊಳ್ಳಿ; ಔಷಧಿ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ತರುವುದು ಬೇಡ.

ಗಾಯದಿಂದ ನೀರಿನಂಥ ದ್ರವ ಸೋರಿದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ, ಸೆಳೆತ ಬಂದರೆ, ಮಂಪರು ಮತ್ತೆ ಹೆಚ್ಚಿದರೆ, ನಡಿಗೆ ಸುಧಾರಿಸಿದ್ದವರು ಪುನಃ ತಡವರಿಸತೊಡಗಿ ಮೂತ್ರದ ಹತೋಟಿ ತಪ್ಪಿದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ, ಹಳೆಯ ಸ್ಕ್ಯಾನ್ ಫಿಲ್ಮ್‌ಗಳನ್ನೂ ಡಿಸ್ಚಾರ್ಜ್ ಪತ್ರವನ್ನೂ ಹಿಡಿದು ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ಅಂದೇ ಕರೆದೊಯ್ಯಬೇಕು.